ಕಳ್ಳ ರಿಪೇರಿ ಮಾಡಿದ ಸ್ಟೀರಿಂಗ್

ಶುಕ್ರವಾರದ ನಮಾಜು ಮುಗಿಸಿ ಜನ ಇಸ್ಕಂದರಿಯಾ ಬಂದರಿನ ಅತ್ತಾರೀನ್ ಬೀದಿಗೆ ಮರಳಿದಾಗ ರಿಫಾಯಿಯ ಹಳೆಸಾಮಾನಿನ ಅಂಗಡಿ ಅರ್ಧ ತೆರೆದಿತ್ತು. ಮೆಟ್ಟಿಲ ಮೇಲೆ ಕಾವಲುಗಾರ ಹಾಜ್ ಇದ್ರೀಸ್ ಬಿದ್ದಿದ್ದ. ತಲೆಯ ಕೆಳಗೆ ರಕ್ತ. ಉಸಿರಾಡುತ್ತಿದ್ದ, ಮಾತಿರಲಿಲ್ಲ.

ಪೊಲೀಸ್ ಕ್ಯಾಪ್ಟನ್ ವಗ್ದಿ ಬಂದಾಗ ಆಂಬುಲೆನ್ಸ್ ಹೊರಟುಹೋಗಿತ್ತು. ರಿಫಾಯಿ ತಲೆಯ ಮೇಲೆ ಕೈಹೊತ್ತು ಕೂತಿದ್ದ.

"ಏನೇನು ಹೋಗಿದೆ?"

"ಎರಡು ಫ್ರೆಂಚ್ ಗಡಿಯಾರ ಬಾಶಾ. ಬೆಳ್ಳಿ ಚಮಚದ ಸೆಟ್. ಚಹಾ ಕಾಯಿಸೋ ಸಮೋವರ್ ಒಂದು. ಅಯ್ಯೋ, ಆ ಗಡಿಯಾರ!"

"ಇಷ್ಟೇನಾ?"

"ಇನ್ನೊಂದು ಹಳೇ ಹತಾರದ ಪೆಟ್ಟಿಗೆ. ಅದು ಬಿಡಿ."

ವಗ್ದಿ ಬಿಡಲಿಲ್ಲ, ಪುಸ್ತಕದಲ್ಲಿ ಬರೆದುಕೊಂಡ. ಎದುರಿನ ಚಹಾ ಅಂಗಡಿಯವನು ಮಂಡಿನೋವೆಂದು ಮಸೀದಿಗೆ ಹೋಗಿರಲಿಲ್ಲ. ಅವನು ಕಾರು ಬಂದುಹೋದದ್ದನ್ನು ನೋಡಿದ್ದ.

"ಹಸಿರು ಫಿಯಟ್ ಬಾಶಾ. ಮದಾಮ್ ಇನ್ಸಾಫ್ ಅವರದ್ದು. ಆ ಕಾರು ಗೊತ್ತಿಲ್ಲದ ಬೆಕ್ಕೂ ಈ ಬೀದೀಲಿಲ್ಲ."

"ಒಳಗೆ ಯಾರಿದ್ದರು? ಮುಖ ನೋಡಿದೆಯಾ?"

"ಕಾರು ನೋಡಿದ ಮೇಲೆ ಮುಖ ಯಾಕೆ ನೋಡ್ಲಿ? ಮೆತ್ವಲ್ಲಿ ತಾನೇ ಓಡಿಸೋದು? ಇನ್ಯಾರಿರ್ತಾರೆ?"

"ಯಾವ ಕಡೆ ಹೋಯ್ತು?"

"ಇಲ್ಲೇ ಎಡಕ್ಕೆ ತಿರುಗಿಸಿಕೊಂಡು ಬಂದ ದಾರೀಲೇ ಹೋಯ್ತು. ಒಂದೇ ಏಟಿಗೆ, ಮೀನು ಹೊರಳಿದ ಹಾಗೆ."

ಬೀದಿ ಕಿರಿದಾಗಿತ್ತು. ವಗ್ದಿ ಅದರ ಅಗಲವನ್ನು ಹೆಜ್ಜೆಯಲ್ಲಿ ಅಳೆದ. ಏನೂ ಹೇಳಲಿಲ್ಲ. ಠಾಣೆಯಲ್ಲಿ ಅವನನ್ನು ಮೌನಿ ಬಾಶಾ, ಅಂದರೆ ಮೌನಿ ಸಾಹೇಬ, ಎಂದು ಕರೆಯುತ್ತಿದ್ದರು, ಹಿಂದಿನಿಂದ.

ಸಂಜೆಯೊಳಗೆ ಡ್ರೈವರ್ ಮೆತ್ವಲ್ಲಿಯನ್ನು ಹಿಡಿದು ತಂದರು. ಬೆಳಗಿನಿಂದ ಸಮುದ್ರದ ಕಟ್ಟೆಯ ಮೇಲೆ ಒಬ್ಬನೇ ಕೂತು ಗಾಳ ಹಾಕುತ್ತಿದ್ದೆ ಎಂದ. ನೋಡಿದವರಿಲ್ಲ. ಕಾರಿನ ಕೀ ಅವನ ಜೇಬಿನಲ್ಲೇ ಇತ್ತು. ಪ್ರಾಸಿಕ್ಯೂಟರ್ ನಾಲ್ಕು ದಿನದ ಬಂಧನಕ್ಕೆ ಸಹಿ ಹಾಕಿದರು. ಮಂಗಳವಾರದೊಳಗೆ ಬೇರೆ ಕಳ್ಳ ಸಿಗದಿದ್ದರೆ ಮೆತ್ವಲ್ಲಿಯೇ ಕಳ್ಳ. ಹಾಜ್ ಇದ್ರೀಸ್ ಕಣ್ಣು ತೆರೆಯದೆ ಹೋದರೆ ಕೊಲೆಗಾರ.

* * *

ಶನಿವಾರ ಬೆಳಿಗ್ಗೆ ವಗ್ದಿ ಮದಾಮ್ ಇನ್ಸಾಫರ ಮನೆಗೆ ಹೋದ. ಜೊತೆಗೆ ಸಾರ್ಜೆಂಟ್ ಶಹಾತಾ, ಬೇಡಿ ತೊಟ್ಟ ಮೆತ್ವಲ್ಲಿ. ಮದಾಮ್ ನಲವತ್ತು ವರ್ಷ ಶಾಲೆಯಲ್ಲಿ ಫ್ರೆಂಚ್ ಕಲಿಸಿದವರು. ಪೊಲೀಸರನ್ನೂ ತಡವಾಗಿ ಬಂದ ಹುಡುಗರ ಹಾಗೆಯೇ ನೋಡಿದರು.

"ಅವನ ಕೈಯಿಂದ ಆ ಕಬ್ಬಿಣ ತೆಗೀರಿ. ನನ್ನ ಸೀಟಿಗೆ ಗೀರು ಬೀಳುತ್ತೆ."

ಶಹಾತಾ ವಗ್ದಿಯ ಮುಖ ನೋಡಿದ. ವಗ್ದಿ ತಲೆಯಾಡಿಸಿದ. ಬೇಡಿ ಬಿಚ್ಚಿತು.

ಶೆಡ್ಡಿನಲ್ಲಿ ಫಿಯಟ್ ತನ್ನ ಜಾಗದಲ್ಲೇ ನಿಂತಿತ್ತು. ಮೂವತ್ತಾರು ವರ್ಷದ ಗಾಡಿ, ಹೊಳೆಯುತ್ತಿತ್ತು. ಶೆಡ್ಡಿನ ಕೀಲಿ ಆ ಮನೆಯ ಪಹರೆಯವನ ಬೆಂಚಿನ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಅದು ಅಲ್ಲಿರುವುದು ಬೀದಿಗೆಲ್ಲ ಗೊತ್ತು. ಇನ್ನು ಅಂಥ ಹಳೆಯ ಕಾರನ್ನು ಚಾಲೂ ಮಾಡಲು ತಿಳಿದವನಿಗೆ ಒಂದು ತಂತಿ ಸಾಕು.

"ಕೂತ್ಕೊ" ಎಂದ ವಗ್ದಿ. "ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸು."

"ಪೂರ್ತಿ ತಿರುಗಲ್ಲ ಬಾಶಾ. ಹನ್ನೊಂದು ವರ್ಷದಿಂದ ತಿರುಗಿಲ್ಲ. ಎಡಕ್ಕೆ ಅರ್ಧ ಹೋದ ಮೇಲೆ ಹಿಡ್ಕೊಂಡು ನಿಲ್ಲುತ್ತೆ. ಕತ್ತೆ ಥರ ಕಿರುಚುತ್ತೆ."

"ತಿರುಗಿಸು."

ಮೆತ್ವಲ್ಲಿ ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದ. ಎಡ ಭುಜವನ್ನು ಮುಂದೆ ತಂದ, ಹಲ್ಲು ಕಚ್ಚಿ ಇಡೀ ಮೈಭಾರ ಹಾಕಿದ. ಸ್ಟೀರಿಂಗ್ ಸರ್ರನೆ ಕೊನೆಯವರೆಗೆ ಸುತ್ತಿತು. ಮೆತ್ವಲ್ಲಿಯ ಭುಜ ಬಾಗಿಲಿಗೆ ಬಡಿಯಿತು. ಹಣೆ ಕಿಟಕಿಗೆ.

"ಯಾ ಸಲಾಮ್!" ಎಂದ. ಹಣೆ ಉಜ್ಜಿಕೊಳ್ಳುವುದನ್ನೂ ಮರೆತು ಸ್ಟೀರಿಂಗನ್ನೇ ನೋಡಿದ. "ಇದು ನಮ್ಮ ಕಾರಲ್ಲ."

"ನಂಬರ್ ಪ್ಲೇಟು ನಿಮ್ಮದೇ" ಎಂದ ಶಹಾತಾ.

"ಪ್ಲೇಟು ನಮ್ಮದೇ ಇರಬಹುದು ಕಣಯ್ಯ. ಈ ಸ್ಟೀರಿಂಗ್ ನಮ್ಮದಲ್ಲ!"

ವಗ್ದಿ ಮೆತ್ವಲ್ಲಿಯ ಭುಜವನ್ನೇ ನೋಡಿದ. ಬಾಯಿ ಸುಳ್ಳು ಹೇಳಬಹುದು, ಕಣ್ಣೀರು ಸುಳ್ಳು ಹೇಳಬಹುದು. ಹನ್ನೊಂದು ವರ್ಷ ಒಂದೇ ಕಡೆ ಭಾರ ಹಾಕಿದ ಭುಜಕ್ಕೆ ನಟನೆ ಬರುವುದಿಲ್ಲ. ಸ್ಟೀರಿಂಗ್ ಸರಿಹೋದದ್ದು ಈ ಮನುಷ್ಯನಿಗೆ ಗೊತ್ತಿರಲಿಲ್ಲ. ಹಾಗಿದ್ದ ಮೇಲೆ ನಿನ್ನೆ ಆ ಕಿರಿದಾದ ಬೀದಿಯಲ್ಲಿ ಒಂದೇ ಏಟಿಗೆ ತಿರುಗಿಸಿದವನು ಇವನಲ್ಲ.

"ಮದಾಮ್, ಇದು ಯಾಕೆ ಹೀಗೆ ಕೆಟ್ಟಿತ್ತು?"

"ಹನ್ನೊಂದು ವರ್ಷದ ಹಿಂದೆ ಟ್ರಾಮಿಗೆ ತಾಗಿ ಸ್ಟೀರಿಂಗಿನ ಕೊಳವೆ ಬಾಗಿತ್ತು. ಮೆಕ್ಯಾನಿಕ್ ಉಸ್ತಾ ಜಗ್ಲೂಲ್ ಗುಜರಿಯಿಂದ ಬೇರೆ ಕೊಳವೆ ತಂದು ಹಾಕಿದ. ಅದು ಬೇರೆ ಮಾದರಿಯದು, ಒಂದು ಬೆರಳಷ್ಟು ಹೆಚ್ಚು ಉದ್ದ. ಮೂರು ಸಲ ಬಿಚ್ಚಿದ, ಮೂರು ಸಲ ಇನ್ನೂ ಬಿಗಿ ಮಾಡಿದ."

"ಬೇರೆ ಯಾರೂ ನೋಡಿರಲಿಲ್ವಾ?"

"ಟ್ರಾಮ್ ಕಾರ್ಖಾನೇಲಿದ್ದ ಉಸ್ತಾ ದರ್ವೀಶ್ ಒಂದು ಸಲ ನೋಡಿದ. ಎಲ್ಲ ಸಡಿಲ ಮಾಡಿ ಮೊದಲಿಂದ ಕೂರಿಸಬೇಕು, ಒಂದಿಡೀ ದಿನ ಕೊಡಿ ಅಂದ. ಈ ಮಹಾಶಯನಿಗೆ ಪುರುಸೊತ್ತಿರಲಿಲ್ಲ."

ಮೆತ್ವಲ್ಲಿ ತಲೆ ತಗ್ಗಿಸಿದ. ಮದಾಮ್ ಮತ್ತೆ ಹೇಳಿದರು. "ನಿನ್ನೆ ನಮಾಜು ಮುಗಿದು ನಾನು ಊಟಕ್ಕೆ ಕೂತಾಗ ಶೆಡ್ಡಿಂದ ಸಣ್ಣ ಸದ್ದು ಬರ್ತಿತ್ತು. ಟಕ್ ಟಕ್ ಅಂತ, ಒಂದು ಗಂಟೆ ಹೊತ್ತು. ಇವನೇ ಇರಬೇಕು ಅಂದ್ಕೊಂಡೆ."

ನಮಾಜು ಮುಗಿದ ಮೇಲೆ. ಅಂದರೆ ಕಳ್ಳತನ ಆದ ಮೇಲೆ.

ವಗ್ದಿ ಕೋಟು ಕಳಚಿ ಮಡಚಿಟ್ಟ. ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿದ. ಬಹಳ ಹೊತ್ತು ಎದ್ದೇಳಲಿಲ್ಲ.

"ಬಾಶಾ, ನಿದ್ದೆ ಬಂತಾ?" ಎಂದ ಶಹಾತಾ.

ವಗ್ದಿ ನೋಡುತ್ತಿದ್ದ. ಕೊಳವೆ ಡ್ಯಾಶ್‌ಬೋರ್ಡಿಗೆ ಸೇರುವ ಕ್ಲ್ಯಾಂಪಿನ ಒಳಗೆ ತಗಡಿನ ಒಂದು ಮಡಿಕೆ ಇತ್ತು. ತುಪ್ಪದ ಡಬ್ಬಿಯ ತಗಡು. ಮೂರು ಪದರ. ಅಂಚುಗಳನ್ನು ಒಳಕ್ಕೆ ಮಡಚಿ, ಬಡಿದು, ನುಣುಪು ಮಾಡಿದ್ದರು. ಬಟ್ಟೆಯ ಅಂಚು ಹೊಲಿದ ಹಾಗೆ. ಯಾರ ಕಣ್ಣಿಗೂ ಬೀಳದ ಕತ್ತಲ ಮೂಲೆಯಲ್ಲಿ ಇಷ್ಟು ಶ್ರದ್ಧೆ. ಕೊಳವೆಯ ಮೇಲೆ ಎರಡು ಗೀರುಗಳಿದ್ದವು, ಹೊಚ್ಚಹೊಸವು. ಒಂದು ಕೂದಲಷ್ಟು ಸಣ್ಣದು, ಇನ್ನೊಂದು ಅದರ ಮೂರರಷ್ಟು ದಪ್ಪ.

ವಗ್ದಿಗೆ ಯಾಕೋ ತನ್ನ ಕೆಲಸದ ಬಗ್ಗೆ ನಾಚಿಕೆಯಾಯಿತು. ಇಂಥ ಅಚ್ಚುಕಟ್ಟಿನಲ್ಲಿ ತಾನೆಂದೂ ಒಂದು ವರದಿಯನ್ನೂ ಬರೆದಿರಲಿಲ್ಲ.

* * *

"ಚಿತ್ರ ಇದೆ ಬಾಶಾ" ಎಂದ ರಿಫಾಯಿ. "ಆ ಪೆಟ್ಟಿಗೇದು. ಒಬ್ಬ ಜರ್ಮನ್ ಕೇಳಿದ್ದ. ಹೋಟೆಲಿನ ಗೋಡೆಗೆ ನೇತುಹಾಕ್ತಾನಂತೆ. ಭಾನುವಾರ ಹಡಗಿಗೆ ಹೋಗಬೇಕಿತ್ತು."

ಫೋಟೋದಲ್ಲಿ ಮರದ ಪೆಟ್ಟಿಗೆ ಬಾಯಿ ತೆರೆದಿತ್ತು. ಪ್ರತಿ ಹತಾರಕ್ಕೂ ಅದರದೇ ಆಕಾರದ ಗೂಡು. ಮುಚ್ಚಳದ ನಡುವೆ ಒಂದು ಹಿತ್ತಾಳೆಯ ಕೈವಾರ. ಅದರ ಒಂದು ಕಾಲು ಎಂದೋ ಮುರಿದು, ಉಕ್ಕಿನ ದಪ್ಪ ಮೊನೆಯನ್ನು ಬೆಸೆದಿದ್ದರು. ಒಂದು ಮೊನೆ ಕೂದಲಷ್ಟು ಸಣ್ಣದು. ಇನ್ನೊಂದು ದಪ್ಪ.

"ಇದನ್ನ ಯಾರಿಂದ ಕೊಂಡೆ?"

"ತಾಂತಾ ಊರಿನ ಹರಾಜಿನಲ್ಲಿ. ಯಾರದ್ದು ಅಂತ ಕೇಳೋ ವಾಡಿಕೆ ನಮ್ಮಲ್ಲಿಲ್ಲ."

ವಗ್ದಿ ಫೋಟೋವನ್ನು ಜೇಬಿಗಿಟ್ಟುಕೊಂಡು ಮೇಲಧಿಕಾರಿ ಕರ್ನಲ್ ಬಳಿ ಹೋದ. ಇಬ್ಬರು ಮೆಕ್ಯಾನಿಕರ ಮನೆ ಶೋಧಿಸಬೇಕು ಎಂದ.

"ಕಾರಣ?"

"ಕೊಳವೆ ಮೇಲೆ ಎರಡು ಗೀರಿವೆ ಸರ್."

ಕರ್ನಲ್ ನಗಲೂ ಇಲ್ಲ. "ಎರಡು ಗೀರು ಹಿಡ್ಕೊಂಡು ಪ್ರಾಸಿಕ್ಯೂಟರ್ ಮುಂದೆ ನಿಲ್ಲಲಾ? ಕಾರು ಸಿಕ್ಕಿದೆ, ಡ್ರೈವರ್ ಸಿಕ್ಕಿದಾನೆ. ಮಂಗಳವಾರ ಕಾಗದ ನನ್ನ ಮೇಜಿಗೆ ಬರಲಿ."

* * *

ಠಾಣೆಯ ಹಿಂದೆ ಮುಟ್ಟುಗೋಲು ಹಾಕಿದ ಗಾಡಿಗಳ ಅಂಗಳ. ಅಲ್ಲಿ ಅಂಥದ್ದೇ ಒಂದು ಫಿಯಟ್ ನಾಲ್ಕು ವರ್ಷದಿಂದ ಧೂಳು ತಿನ್ನುತ್ತಿತ್ತು. ವಗ್ದಿ ಅದಕ್ಕೆ ಬೇರೆ ಮಾದರಿಯ ಕೊಳವೆ ತೊಡಿಸಿದ, ಒಂದು ಬೆರಳಷ್ಟು ಹೆಚ್ಚು ಉದ್ದದ್ದು. ಸೋಮವಾರ ಬೆಳಿಗ್ಗೆ ಇಬ್ಬರು ಉಸ್ತಾಗಳಿಗೂ ಹೇಳಿಕಳಿಸಿದ. ತಜ್ಞರ ಅಭಿಪ್ರಾಯ ಬೇಕಾಗಿದೆ ಎಂಬುದಷ್ಟೇ ಕಾರಣ.

ಮೊದಲು ಜಗ್ಲೂಲ್ ಬಂದ. ದೊಡ್ಡ ಹೊಟ್ಟೆ, ಇನ್ನೂ ದೊಡ್ಡ ಗಂಟಲು. ಅವನ ಮೇಲೆ ಶಹಾತಾನಿಗೆ ಗಟ್ಟಿ ಅನುಮಾನ. ಹಿಂದಿನ ತಿಂಗಳಷ್ಟೇ ಜಗ್ಲೂಲ್ ರಿಫಾಯಿಯ ಜೊತೆ ಬೀದಿಯಲ್ಲಿ ಜಗಳವಾಡಿ, ನಿನ್ನ ಅಂಗಡಿ ಖಾಲಿ ಮಾಡಿಸ್ತೀನಿ ಎಂದು ಕೂಗಿದ್ದ.

"ಇದಾ? ಚಹಾ ಆರೋದ್ರೊಳಗೆ ಮುಗಿಸ್ತೀನಿ ಬಾಶಾ!"

ಡ್ಯಾಶ್‌ಬೋರ್ಡಿನ ಕ್ಲ್ಯಾಂಪಿಗೆ ನೇರವಾಗಿ ಕೈ ಹಾಕಿದ. ಸ್ಪ್ಯಾನರಿಗೆ ಎರಡಡಿ ಪೈಪು ಸಿಕ್ಕಿಸಿ ಎಳೆದ. ಕೊಳವೆ ನರಳುತ್ತ ಮೇಲಕ್ಕೆ ಬಂತು. ಸ್ಟೀರಿಂಗ್ ತಿರುಗಿಸಿದ. ಅದು ಕಿರುಚಿತು. ಇನ್ನೂ ಎಳೆದ. ಬೋಲ್ಟ್ ಮುರಿಯಿತು.

"ಕಬ್ಬಿಣ ಸರಿ ಇಲ್ಲ ಬಾಶಾ" ಎಂದ ಬೆವರೊರೆಸಿಕೊಂಡು.

"ಮನೆಗೆ ಹೋಗು ಉಸ್ತಾ" ಎಂದ ವಗ್ದಿ. "ನಿನ್ನ ಕೆಲಸವೇ ನಿನ್ನನ್ನ ಉಳಿಸ್ತು."

ಜಗ್ಲೂಲ್ ಅದನ್ನು ಹೊಗಳಿಕೆ ಎಂದುಕೊಂಡು ಸಲಾಮು ಮಾಡಿ ಹೋದ.

ಬೋಲ್ಟ್ ಬದಲಾಯಿಸುವಷ್ಟರಲ್ಲಿ ದರ್ವೀಶ್ ಬಂದ. ಅರವತ್ತೈದರ ತೆಳ್ಳನೆಯ ಮನುಷ್ಯ. ಇಸ್ತ್ರಿ ಮಾಡಿದ ಹಳೆಯ ಕೋಟು. ಕಾರಿನ ಸುತ್ತ ಒಂದು ಸುತ್ತು ಬಂದ. ಮುಂದಿನ ಗಾಲಿಗಳನ್ನು ನೋಡಿದ. ಮುಟ್ಟಲಿಲ್ಲ.

"ನನಗೆ ಈಗ ಕಣ್ಣು ಕಾಣಲ್ಲ ಬಾಶಾ. ಬೇರೆಯವರನ್ನ ಕರೀರಿ."

"ಆದಷ್ಟು ಮಾಡಿ ಉಸ್ತಾ."

ದರ್ವೀಶ್ ಸ್ಪ್ಯಾನರ್ ತೆಗೆದುಕೊಂಡ. ಜಗ್ಲೂಲನ ಹಾಗೆಯೇ ಮೇಲಿನ ಕ್ಲ್ಯಾಂಪನ್ನು ಮೊದಲು ಬಿಗಿದ. ಕೈ ತಡವರಿಸುತ್ತಿತ್ತು. ಬೇಕೆಂದೇ ತಡವರಿಸುತ್ತಿತ್ತು. ಹತ್ತು ನಿಮಿಷಕ್ಕೆ ಎದ್ದ.

"ಇಷ್ಟೇ ನನ್ನ ಕೈಲಾಗೋದು."

"ಚಹಾ ಕುಡೀರಿ" ಎಂದ ವಗ್ದಿ.

ದರ್ವೀಶ್ ಗೋಡೆಯ ಪಕ್ಕ ಸ್ಟೂಲಿನ ಮೇಲೆ ಕೂತ. ವಗ್ದಿ ಕಾರಿನೊಳಗೆ ಕೂತು ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದ. ಅದು ಅರ್ಧಕ್ಕೆ ನಿಂತು ಕಿರುಚಿತು. ಹಿಂದಕ್ಕೆ ತಂದ. ಮತ್ತೆ ಎಡಕ್ಕೆ. ಕಿರುಚಿತು. ಅಂಗಳದಲ್ಲಿ ಆ ಸದ್ದು ಬಿಟ್ಟರೆ ಬೇರೇನಿರಲಿಲ್ಲ. ಮೂರನೆಯ ಸಲಕ್ಕೆ ದರ್ವೀಶ್ ಮುಖ ಬೇರೆ ಕಡೆಗೆ ತಿರುಗಿಸಿದ. ಐದನೆಯ ಸಲಕ್ಕೆ ಚಹಾ ಕುಡಿಯುವುದನ್ನು ನಿಲ್ಲಿಸಿದ. ಏಳನೆಯ ಸಲಕ್ಕೆ ಲೋಟ ಕೆಳಗಿಟ್ಟ.

"ಇಳೀರಿ ಬಾಶಾ" ಎಂದ. "ದೇವರಾಣೆಗೂ ಇಳೀರಿ. ಅದನ್ನ ಹಿಂಸೆ ಮಾಡಬೇಡಿ."

ಕೋಟಿನ ತೋಳು ಮಡಚಿದ.

ಅಲ್ಲಿಂದ ಮುಂದೆ ಅವನು ಬೇರೆಯೇ ಮನುಷ್ಯ. ಮೊದಲು ಮುಂದಿನ ಗಾಲಿಗಳನ್ನು ನೇರ ಮಾಡಿದ, ಒಂದು ಕಣ್ಣು ಮುಚ್ಚಿ ನೋಡಿ. ಆಮೇಲೆ ಎಲ್ಲವನ್ನೂ ಸಡಿಲಿಸಿದ. ಮೇಲಿನ ಕ್ಲ್ಯಾಂಪ್, ಕಾಲಬಳಿ ಕೊಳವೆ ಹಾದುಹೋಗುವ ತಗಡು, ಕೆಳಗೆ ಕಾರಿನ ಚೌಕಟ್ಟಿಗೆ ಕಚ್ಚಿದ ಸ್ಟೀರಿಂಗ್ ಬಾಕ್ಸು. ಯಾವುದನ್ನೂ ಎಳೆಯಲಿಲ್ಲ, ನೂಕಲಿಲ್ಲ. ಕೊಳವೆ ತನ್ನಷ್ಟಕ್ಕೆ ತೂಗಿ ನಿಲ್ಲುವವರೆಗೆ ಕಾದ.

"ಎಲ್ಲರೂ ಮೇಲಿಂದ ಬಿಗೀತಾರೆ" ಎಂದು ಗೊಣಗಿದ, ತನಗೇ ಹೇಳಿಕೊಳ್ಳುವ ಹಾಗೆ. "ಡ್ಯಾಶ್‌ಬೋರ್ಡ್ ಹತ್ರ ಇರುತ್ತೆ, ಕೈಗೆ ಸುಲಭ. ಆಗ ಕೊಳವೆ ಬಿಲ್ಲಿನ ಥರ ಬಗ್ಗುತ್ತೆ. ಮೊದಲು ಕೆಳಗಿನ ಬಾಕ್ಸ್ ಕೂರಬೇಕು. ಕೊಳವೆಗೆ ತಾನೆಲ್ಲಿ ನಿಲ್ಲಬೇಕು ಅಂತ ಅದೇ ಹೇಳುತ್ತೆ. ಮೇಲೆ ಎಷ್ಟು ಸಂದು ಉಳಿಯುತ್ತೋ ಅಷ್ಟನ್ನ ತುಂಬಬೇಕು. ಎಳೆಯಬಾರದು."

ಕೆಳಗಿನ ಬೋಲ್ಟುಗಳು ಬಿಗಿದವು. ಮೇಲೆ ಕ್ಲ್ಯಾಂಪಿಗೂ ಕೊಳವೆಗೂ ನಡುವೆ ಸಂದು ಉಳಿಯಿತು. ದರ್ವೀಶ್ ಅದನ್ನು ನೋಡಿದ. ಕಣ್ಣು ಸಂದಿನ ಮೇಲೇ ಇತ್ತು. ಕೈ ತಾನಾಗಿ ಕೋಟಿನ ಒಳಜೇಬಿಗೆ ಹೋಯಿತು, ಒಂದು ವಸ್ತುವನ್ನು ಹೊರತೆಗೆಯಿತು, ಅದರ ಎರಡು ಕಾಲುಗಳನ್ನು ಸಂದಿಗೆ ಹೊಂದಿಸಿ ಕೊಳವೆಯ ಮೇಲೆ ಗುರುತು ಎಳೆಯಿತು.

ಬಾಗಿಲ ಬಳಿ ನಿಂತಿದ್ದ ಶಹಾತಾ ಮುಂದಕ್ಕೆ ಬಂದ. ವಗ್ದಿ ಕೈಯೆತ್ತಿ ತಡೆದ.

ಠಾಣೆಯ ಚಹಾದವನ ತುಪ್ಪದ ಡಬ್ಬಿಯಿಂದ ದರ್ವೀಶ್ ತಗಡು ಕತ್ತರಿಸಿದ. ಮೂರು ಪದರ ಮಡಚಿದ. ಅಂಚು ಒಳಕ್ಕೆ ತಿರುಗಿಸಿ ಟಕ್ ಟಕ್ ಎಂದು ಬಡಿದ, ಬೆರಳಿನಿಂದ ಸವರಿ ನೋಡಿದ, ಮತ್ತೆ ಬಡಿದ. ಸಂದಿಗೆ ಇಟ್ಟ. ಕ್ಲ್ಯಾಂಪು ಮುಚ್ಚಿತು. ಕಾಲಬಳಿಯ ತಗಡನ್ನು ಕಡೆಯಲ್ಲಿ ಬಿಗಿದ. ಒಂದು ಗಂಟೆಯಾಗಿತ್ತು. ವಗ್ದಿ ಜೀವನದಲ್ಲಿ ಇಂಥ ತುಂಬಿದ ಒಂದು ಗಂಟೆಯನ್ನು ಹೆಚ್ಚು ಸಲ ಕಂಡಿರಲಿಲ್ಲ. ಅದು ಮುಗಿಯಬಾರದಿತ್ತು ಎನಿಸಿತು.

ದರ್ವೀಶ್ ಒಂದೇ ಬೆರಳಿನಿಂದ ಸ್ಟೀರಿಂಗ್ ತಿರುಗಿಸಿದ. ಎಡದ ಕೊನೆ. ಬಲದ ಕೊನೆ. ಸದ್ದೇ ಇಲ್ಲ. ಮುಖ ಅರಳಿತು. ಆಮೇಲೆ ತನ್ನ ಇನ್ನೊಂದು ಕೈಯನ್ನು ನೋಡಿಕೊಂಡ. ಅದರಲ್ಲಿ ಹಿತ್ತಾಳೆಯ ಕೈವಾರವಿತ್ತು.

ವಗ್ದಿ ಫೋಟೋವನ್ನು ಕಾರಿನ ಬಾನೆಟ್ಟಿನ ಮೇಲಿಟ್ಟ.

* * *

"ಯಾವಾಗ ಗೊತ್ತಾಯ್ತು ಬಾಶಾ?" ಎಂದ ದರ್ವೀಶ್.

"ಮದಾಮ್ ಅವರ ಕಾರಿನ ಡ್ಯಾಶ್‌ಬೋರ್ಡ್ ಕೆಳಗೆ ಮಲಗಿದಾಗ" ಎಂದ ವಗ್ದಿ. ಸ್ಟೂಲು ಎಳೆದು ಅವನೆದುರು ಕೂತ. "ಬೀದೀಲಿ ಕಾರು ತಿರುಗಿಸಿಕೊಳ್ಳೋಕೆ ಕಳ್ಳನಿಗೆ ಬೇಕಾದದ್ದು ಹತ್ತು ನಿಮಿಷದ ಕೆಲಸ. ಮೇಲಿನ ಕ್ಲ್ಯಾಂಪ್ ಬಿಚ್ಚಿಬಿಟ್ಟರೆ ಸಾಕು, ಕೊಳವೆ ಸಡಿಲ ಆಗುತ್ತೆ. ಹೋಗುವಾಗ ನೀವು ಮಾಡಿದ್ದೂ ಅಷ್ಟೇ. ಆದರೆ ನಾನು ನೋಡಿದ್ದು ಇಪ್ಪತ್ತು ವರ್ಷ ಬಾಳೋ ಕೆಲಸ. ಅದನ್ನ ಯಾವಾಗ ಮಾಡಿದ್ರಿ? ಮದಾಮ್‌ಗೆ ಸದ್ದು ಕೇಳಿದ್ದು ನಮಾಜು ಮುಗಿದ ಮೇಲೆ. ಕೊಳವೆ ಮೇಲಿನ ಎರಡು ಗೀರು ಈ ಕೈವಾರದ್ದು. ಕೈವಾರ ಆ ಬೆಳಿಗ್ಗೆವರೆಗೂ ರಿಫಾಯಿ ಅಂಗಡೀಲಿತ್ತು. ಅಂದ್ರೆ ಕದ್ದ ಕಾರನ್ನ ಹಿಂದಕ್ಕೆ ತಂದು, ಊರೆಲ್ಲ ಪೊಲೀಸರು ಹುಡುಕ್ತಿರುವಾಗ, ಕಳ್ಳ ಶೆಡ್ಡಿನೊಳಗೆ ಒಂದು ಗಂಟೆ ಕೂತು ಸ್ಟೀರಿಂಗ್ ಸರಿ ಮಾಡಿದ. ಗಡಿಯಾರ, ಬೆಳ್ಳಿ ಬೇಕಾದವನು ಹಾಗೆ ಮಾಡಲ್ಲ. ಪೆಟ್ಟಿಗೆ ಬೇಕಾದವನು ಮಾಡ್ತಾನೆ."

ದರ್ವೀಶ್ ಕೈವಾರದ ಕಾಲುಗಳನ್ನು ಮಡಚಿದ.

"ಅದು ನಮ್ಮಪ್ಪಂದು. ನಲವತ್ತು ವರ್ಷ ಒಂದೊಂದಾಗಿ ಮಾಡ್ಕೊಂಡಿದ್ದು. ಅಪ್ಪ ತೀರಿಹೋದ ಒಂದೇ ವಾರಕ್ಕೆ ನಮ್ಮಣ್ಣ ನನ್ನನ್ನ ಕೇಳದೆ ಮಾರಿಬಿಟ್ಟ. ವರ್ಷಗಟ್ಟಲೆ ಹುಡುಕಿದೆ. ಹೋದ ತಿಂಗಳು ರಿಫಾಯಿ ಕಿಟಕೀಲಿ ನೋಡಿದೆ. ಕೇಳಿದ್ದಕ್ಕೆ, ಜರ್ಮನ್ ಒಬ್ಬನಿಗೆ ಮಾತು ಕೊಟ್ಟಾಗಿದೆ, ಗೋಡೆ ಮೇಲೆ ಚೆನ್ನಾಗಿ ಕಾಣುತ್ತೆ ಅಂದ." ಕೈವಾರವನ್ನು ಅಂಗೈಯಲ್ಲಿ ಮುಚ್ಚಿಕೊಂಡ. "ಗೋಡೆ ಮೇಲೆ, ಬಾಶಾ."

"ಉಳಿದ ಸಾಮಾನು?"

"ಅನುಮಾನ ಬರಬಾರದು ಅಂತ ತಗೊಂಡೆ. ಎಲ್ಲ ಮನೇಲಿದೆ. ಗಡಿಯಾರಕ್ಕೆ ಕೀ ಕೂಡ ಕೊಟ್ಟಿಲ್ಲ."

"ಆ ಗಂಟೆ? ಅಷ್ಟು ಹೊತ್ತು ಯಾಕೆ ಕೂತ್ರಿ?"

"ಹೊರಡಬೇಕು ಅಂತಾನೇ ಇದ್ದೆ. ಪೆಟ್ಟಿಗೆ ತೆಗೆದು ನೋಡಿದೆ. ಎಲ್ಲ ಹಾಗೇ ಇತ್ತು. ಎದುರಿಗೆ ಆ ಕೊಳವೆ, ಪಾಪ, ಹನ್ನೊಂದು ವರ್ಷದಿಂದ ಸೊಟ್ಟಗೆ ಸಿಕ್ಕಿಹಾಕ್ಕೊಂಡಿತ್ತು." ಅವನು ಅಂಗೈಗಳನ್ನು ಚಾಚಿದ. ವಿವರಿಸಲು ಅದಕ್ಕಿಂತ ಹೆಚ್ಚೇನೂ ಇಲ್ಲ ಎಂಬಂತೆ.

ದರ್ವೀಶನೇ ಮತ್ತೆ ಬಾಯಿ ತೆರೆದ. ದನಿ ಬದಲಾಗಿತ್ತು.

"ಹಾಜ್ ಇದ್ರೀಸ್ ನಮಾಜಿಗೆ ಹೋಗಿರ್ತಾನೆ ಅಂದ್ಕೊಂಡಿದ್ದೆ. ಬಾಗಿಲಿಗೆ ಅಡ್ಡ ನಿಂತ. ನೂಕಿದೆ. ಮೆಟ್ಟಿಲಿಗೆ ತಲೆ ತಾಗಿದ ಸದ್ದು ಕೇಳಿಸ್ತು. ನಿಲ್ಲಲಿಲ್ಲ. ಉಳಿದನಾ?"

"ನಿನ್ನೆ ಸಂಜೆ ಕಣ್ಣು ಬಿಟ್ಟ. ಮಾತು ಇನ್ನೂ ಬಂದಿಲ್ಲ. ಬರುತ್ತೆ ಅಂತಾರೆ ಡಾಕ್ಟರ್."

ದರ್ವೀಶ್ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

"ಮೆತ್ವಲ್ಲಿ ಒಳಗಿರೋದು ಗೊತ್ತಿತ್ತಲ್ಲ ಉಸ್ತಾ" ಎಂದ ವಗ್ದಿ. "ಎಲ್ಲರಿಗೂ ಗೊತ್ತಿರೋ ಕಾರು ಅಂತಾನೇ ಅದನ್ನ ಆರಿಸಿದ್ರಿ. ನೋಡಿದವರು ಮುಖ ನೋಡಲ್ಲ ಅಂತ."

"ಗೊತ್ತಿತ್ತು. ಮೂರು ದಿನ ಠಾಣೆ ಬಾಗಿಲ ತನಕ ಬಂದು ವಾಪಸ್ ಹೋದೆ. ಕಬ್ಬಿಣದ ಮುಂದೆ ನನಗೆ ಭಯ ಇಲ್ಲ ಬಾಶಾ. ಮನುಷ್ಯರ ಮುಂದೆ ಇದೆ."

ಕೈವಾರವನ್ನು ಬಾನೆಟ್ಟಿನ ಮೇಲೆ, ಫೋಟೋದ ಪಕ್ಕದಲ್ಲಿಟ್ಟು ಎದ್ದುನಿಂತ. ಶಹಾತಾ ಬೇಡಿ ತಂದ. ಯಾರೂ ಹೇಳದೆಯೇ, ಬಹಳ ಮೆಲ್ಲಗೆ ತೊಡಿಸಿದ.

* * *

ಮಂಗಳವಾರ ಮಧ್ಯಾಹ್ನ ಮೆತ್ವಲ್ಲಿ ಬಿಡುಗಡೆಯ ಕಾಗದಕ್ಕೆ ಸಹಿ ಹಾಕಲು ವಗ್ದಿಯ ಕೋಣೆಗೆ ಬಂದ. ಮದಾಮ್ ಹೊರಗೆ, ಶಹಾತಾ ತಂದು ನಿಲ್ಲಿಸಿದ್ದ ತಮ್ಮ ಕಾರಿನಲ್ಲಿ ಕಾಯುತ್ತಿದ್ದರು. ಮೆತ್ವಲ್ಲಿಯ ಮುಖದಲ್ಲಿ ನಾಲ್ಕು ದಿನದ ಗಡ್ಡ. ಕಣ್ಣುಗಳು ಕೆಂಪಾಗಿದ್ದವು.

"ದರ್ವೀಶನ ಮೇಲೆ ನೀನೂ ದೂರು ಕೊಡಬಹುದು" ಎಂದ ವಗ್ದಿ. "ನಿನ್ನನ್ನ ಸಿಕ್ಕಿಹಾಕಿಸಿದ್ದಕ್ಕೆ."

"ಕೊಡ್ತೀನಿ! ಯಾಕೆ ಕೊಡಲ್ಲ? ನನ್ನ ಮಕ್ಕಳನ್ನ ಬೀದಿಯವರೆಲ್ಲ ಕಳ್ಳನ ಮಕ್ಕಳು ಅಂದ್ರು. ಬರೀರಿ ಬಾಶಾ. ಒಂದೂ ಬಿಡದೆ ಬರೀರಿ."

ವಗ್ದಿ ಬರೆದ. ಮೆತ್ವಲ್ಲಿ ಹೇಳುತ್ತ ಹೋದ, ಮೇಜು ಕುಟ್ಟಿದ. ಹಾಳೆ ತುಂಬಿತು. ಪೆನ್ನು ಕೈಗೆ ಕೊಟ್ಟಾಗ ಅವನು ಸಹಿ ಮಾಡಲಿಲ್ಲ. ಕಿಟಕಿಯಾಚೆ ನಿಂತಿದ್ದ ಹಸಿರು ಕಾರನ್ನು ನೋಡುತ್ತ ನಿಂತ.

"ಹಾಳೇಲಿ ಕೆಳಗೆ ಜಾಗ ಇದೆಯಾ ಬಾಶಾ?"

"ಒಂದು ಸಾಲಿಗಿದೆ."

"ಸ್ಟೀರಿಂಗ್ ಸರಿ ಮಾಡಿದ್ದು ಅವನೇ ಅಂತ ಬರೀರಿ. ಇಡೀ ಇಸ್ಕಂದರಿಯಾದಲ್ಲಿ ಅದು ಬೇರೆ ಯಾರ ಕೈಲೂ ಆಗಿರಲಿಲ್ಲ. ಜಡ್ಜ್ ಓದೋವಾಗ ಅದನ್ನೂ ಓದಲಿ."

ವಗ್ದಿ ತಲೆಯೆತ್ತಿ ಅವನನ್ನು ನೋಡಿದ. ಆಮೇಲೆ ಆ ಒಂದು ಸಾಲನ್ನು, ಅಕ್ಷರ ಅಂಚಿಗೆ ತಾಗದಂತೆ, ನಿಧಾನವಾಗಿ ಬರೆದ.